ಬಂಡೆ ಬಿಟ್ಟುಕೊಟ್ಟ ದಾರಿ

ಹಿರಿಯೂರು ಬಿಟ್ಟು ಚಿತ್ರದುರ್ಗದ ಕಡೆಗೆ ಹೊರಟರೆ ಐಮಂಗಲದವರೆಗೂ ಕಣ್ಣಿಗೆ ಬೀಳುವುದು ಬಯಲೇ. ಈರುಳ್ಳಿ, ಶೇಂಗಾ, ಅಲ್ಲಲ್ಲಿ ಹತ್ತಿಯ ಹೊಲ. ಮಳೆ ಕೈಕೊಟ್ಟ ವರ್ಷ ಬರೀ ಉತ್ತಿಟ್ಟ ನೆಲ. ಐಮಂಗಲದ ಪೊಲೀಸ್ ತರಬೇತಿ ಶಾಲೆ ದಾಟಿದ ಮೇಲೆ ಎಡಗಡೆಗೆ ಗುಡ್ಡಗಳ ಸಾಲೊಂದು ನಮ್ಮ ಜೊತೆಗೇ ಬರತೊಡಗುತ್ತದೆ. ದುಂಡನೆಯ ಬೆನ್ನು, ಮೈತುಂಬ ಹುಲ್ಲು, ನೆತ್ತಿಯ ಮೇಲೆ ಗಾಳಿಯಂತ್ರಗಳ ಬಿಳಿ ರೆಕ್ಕೆ. ಈ ಗುಡ್ಡಗಳ ಮೇಲೆ ಗುಂಡುಕಲ್ಲು ಹುಡುಕಿದರೂ ಸಿಗುವುದು ಕಷ್ಟ. ಇನ್ನೊಂದು ಇಪ್ಪತ್ತು ಕಿಲೊಮೀಟರು ಮುಂದೆ ಹೋಗಿ, ಊರಿನ ಆಚೆ ಕಣ್ಣೆತ್ತಿ ನೋಡಿ. ಆಕಾಶದ ಅಂಚಿಗೆ ಬಂಡೆಯ ಮೇಲೆ ಬಂಡೆ, ಅದರ ಮೇಲೆ ಇನ್ನೊಂದು, ನಡುವೆ ಬೆಳಕು ತೂರುವಷ್ಟು ಸಂದು, ಆ ಸಂದಿನ ತುದಿಯಿಂದ ಹೊರಟ ಕೋಟೆಗೋಡೆ. ಒಂದೇ ಹೆದ್ದಾರಿಯ ಬದಿಯಲ್ಲಿ ಇಷ್ಟು ಬೇರೆಬೇರೆ ಬೆಟ್ಟಗಳು ಹೇಗೆ ಬಂದವು ಎಂಬುದು ನಡಿಗೆಗೆ ಮೊದಲೇ ತಿಳಿದುಕೊಳ್ಳಬೇಕಾದ ಸಂಗತಿ. ಇಲ್ಲದಿದ್ದರೆ ದುರ್ಗದ ಬಂಡೆಗಳ ನಡುವೆ ನಡೆದೂ ಅವುಗಳನ್ನು ಕಂಡಂತಾಗುವುದಿಲ್ಲ.

ಐಮಂಗಲದ ಕಡೆಯವು ಚಿತ್ರದುರ್ಗ ಶಿಸ್ಟ್ ಪಟ್ಟಿಗೆ ಸೇರಿದ ಗುಡ್ಡಗಳು. ಸಮುದ್ರದ ತಳದಲ್ಲಿ ಉಕ್ಕಿದ ಲಾವಾ, ಅದರ ಸುತ್ತಮುತ್ತ ಕೂತ ಕೆಸರು, ಮರಳು, ಉರುಟುಗಲ್ಲು ಎಲ್ಲವೂ ಒತ್ತಿ, ಮಡಿಚಿ, ಬೆಂದು ಆದ ಶಿಲೆ ಅದು. ಹೊಳೆ ಉರುಳಿಸಿದ ಕಲ್ಲುಗಳು ಹಾಗೆಯೇ ಬೆಸೆದುಕೊಂಡು ಗಟ್ಟಿಯಾದ ಒಂದು ಶಿಲೆಗೆ ಭೂವಿಜ್ಞಾನಿಗಳು ಈ ಊರಿನ ಹೆಸರನ್ನೇ ಇಟ್ಟಿದ್ದಾರೆ: ಐಮಂಗಲ ಕಾಂಗ್ಲಾಮರೇಟ್. ಹತ್ತಿರದ ಮರಡಿಹಳ್ಳಿಯಲ್ಲಿ ದಿಂಬಿನಾಕಾರದ ಲಾವಾ ಶಿಲೆಗಳಿವೆ. ನೀರಿನೊಳಗೆ ಉಕ್ಕಿದ ಲಾವಾ ಮೇಲ್ಮೈ ತಣಿದು ಉಬ್ಬಿ, ಒಂದರ ಮೇಲೊಂದು ಕೂತಿದೆ. ಪ್ರತಿಯೊಂದರ ಮೇಲುಭಾಗ ದುಂಡು, ಕೆಳಭಾಗ ಅಡಿಯಲ್ಲಿದ್ದವುಗಳ ಸಂದಿಗೆ ಇಳಿದು ಚೂಪು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 1976ರಲ್ಲಿ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿತು. ಕೋಟೆ ನೋಡಲು ಹೋಗುವ ಬಸ್ಸುಗಳು ನಿಲ್ಲದೆ ಹೋಗಿಬಿಡುತ್ತವೆ. ಬಯಲುಸೀಮೆಯ ಒಣನೆಲದಲ್ಲಿ ನಿಂತು ಸಮುದ್ರದ ತಳವನ್ನು ಅಂಗೈಯಿಂದ ಮುಟ್ಟುವ ಜಾಗ ಬೇರೆಲ್ಲಿ ಸಿಕ್ಕೀತು?

ದುರ್ಗದ ಬೆಟ್ಟದ ಕಲ್ಲು ಬೇರೆ. ಅದು ಗ್ರಾನೈಟು. ನೆಲದ ಮೇಲೆ ಎಂದೂ ಉಕ್ಕದೆ, ಕಿಲೊಮೀಟರುಗಟ್ಟಲೆ ಆಳದಲ್ಲೇ ನಿಧಾನವಾಗಿ ತಣಿದು ಹೆಪ್ಪುಗಟ್ಟಿದ್ದು. ವಯಸ್ಸು 250 ಕೋಟಿ ವರ್ಷಗಳಿಗೂ ಹೆಚ್ಚು. ಮೇಲಿನ ಹೊದಿಕೆ ಸವೆಯುತ್ತ ಹೋದಂತೆ ಭಾರ ಇಳಿಯಿತು, ಕಲ್ಲಿನಲ್ಲಿ ಅಡ್ಡ, ಉದ್ದ ಬಿರುಕು ಬಿಟ್ಟವು. ಬಿರುಕಿನೊಳಗೆ ನೀರು ಇಳಿಯಿತು. ಗ್ರಾನೈಟಿನ ಫೆಲ್ಡ್‌ಸ್ಪಾರ್ ಎಂಬ ಖನಿಜ ನೀರಿನ ಸಂಗಕ್ಕೆ ಕರಗಿ ಜೇಡಿಯಾಗುತ್ತದೆ. ಚೌಕನೆಯ ಕಲ್ಲಿನ ಮೂಲೆಗೆ ಮೂರು ಕಡೆಯಿಂದ ನೀರು ತಾಗುತ್ತದೆ, ಅಂಚಿಗೆ ಎರಡು ಕಡೆಯಿಂದ, ಮೈಗೆ ಒಂದೇ ಕಡೆಯಿಂದ. ಹಾಗಾಗಿ ಮೊದಲು ಹೋದದ್ದು ಮೂಲೆ, ಆಮೇಲೆ ಅಂಚು. ಚೌಕ ದುಂಡಾಯಿತು, ಅದೂ ಮಣ್ಣಿನ ಒಳಗೇ. ಕೊನೆಗೆ ಮಳೆ ಆ ಮಣ್ಣನ್ನೂ ತೊಳೆದುಕೊಂಡು ಹೋಯಿತು. ಗುಂಡುಗಳು ಕೂತಲ್ಲೇ ಉಳಿದವು. ಒಂದರ ಮೇಲೊಂದು ಇಟ್ಟಂತೆ ಕಾಣುವ ಬಂಡೆಗಳನ್ನು ಯಾರೂ ತಂದಿಟ್ಟಿಲ್ಲ, ಅವು ಎಲ್ಲಿಂದಲೂ ಉರುಳಿ ಬಂದಿಲ್ಲ. ಅವುಗಳ ನಡುವೆ ಇದ್ದದ್ದು ಹೋಗಿದೆ, ಅಷ್ಟೆ. ಭೀಮ ಮತ್ತು ಹಿಡಿಂಬ ಇಲ್ಲಿಯೇ ಕಾದಾಡಿದರೆಂದು ಸ್ಥಳಪುರಾಣ ಹೇಳುತ್ತದೆ, ಮೇಲುದುರ್ಗದಲ್ಲಿ ಹಿಡಿಂಬೇಶ್ವರನ ಗುಡಿಯೂ ಇದೆ. ಈ ಗುಂಡುಗಳ ಗಾತ್ರ ಕಂಡವರಿಗೆ ಆ ಕಾಳಗವೂ ನಂಬುವ ಮಾತೇ.

ನಡಿಗೆ ಶುರುವಾಗಬೇಕಾದದ್ದು ಕೋಟೆಯಿಂದಲ್ಲ, ಚಂದ್ರವಳ್ಳಿಯಿಂದ. ಚಿತ್ರದುರ್ಗ, ಚೋಳಗುಡ್ಡ, ಕಿರುಬನಕಲ್ಲು ಬೆಟ್ಟಗಳ ನಡುವಿನ ಕಣಿವೆ ಅದು. ಬೆಳಗಿನ ಹೊತ್ತು ಊರಿನ ಜನ ವಾಯುವಿಹಾರಕ್ಕೆ ಬರುತ್ತಾರೆ. ಬೆಟ್ಟದ ನೆತ್ತಿಗೆ ಬಿಸಿಲು ಬಿದ್ದರೂ ಕೆರೆಯ ಮೇಲೆ ಇನ್ನೂ ನೆರಳು. ಬಂಡೆಗಳು ಆಗ ಬೂದು ಬಣ್ಣದಲ್ಲಿರುತ್ತವೆ. ಬಿಸಿಲು ಕೆಳಗಿಳಿದಂತೆ ಒಂದೊಂದೇ ಗುಂಡು ತಿಳಿಗೆಂಪಿಗೆ ತಿರುಗುತ್ತದೆ, ಮೇಲಿನಿಂದ ಮಳೆನೀರು ಹರಿದ ಕಡೆ ಮಾತ್ರ ಕಪ್ಪು ಗೆರೆಗಳು ಉಳಿಯುತ್ತವೆ.

ಭೈರವೇಶ್ವರ ಗುಡಿಯ ಪಕ್ಕದ ಬಂಡೆಯ ಮುಂದೆ ಒಂದು ಗಳಿಗೆ ನಿಲ್ಲಲೇಬೇಕು. ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ್ದನ್ನು ಹೇಳುವ ಬ್ರಾಹ್ಮೀ ಲಿಪಿಯ, ಪ್ರಾಕೃತ ಭಾಷೆಯ ಕೆಲವೇ ಸಾಲುಗಳು ಅಲ್ಲಿವೆ, ನಾಲ್ಕನೆಯ ಶತಮಾನದವು. 1929ರಲ್ಲಿ ಎಂ. ಎಚ್. ಕೃಷ್ಣ ಅವರು ಓದಿ ಪ್ರಕಟಿಸಿದ ಮೇಲೆ ಕನ್ನಡನಾಡಿನ ಚರಿತ್ರೆಯ ಮೊದಲ ಪುಟಗಳಿಗೆ ಈ ಬಂಡೆ ಬೇಕೇಬೇಕಾಯಿತು. ಒರಟು ಮೈಯ ಮೇಲೆ ಅಕ್ಷರಗಳು ಸುಲಭಕ್ಕೆ ಕಾಣುವುದಿಲ್ಲ. ಎಳೆಬಿಸಿಲು ಓರೆಯಾಗಿ ಬಿದ್ದಾಗ ಉಳಿಯ ಗೀರು ಯಾವುದು, ಕಲ್ಲಿನ ಸಹಜ ಗುಳಿ ಯಾವುದು ಎಂದು ಬೇರೆ ಮಾಡಿಕೊಳ್ಳಬಹುದು. ಈ ಕಣಿವೆಯಲ್ಲಿ 1909ರಲ್ಲಿ ಆರ್. ನರಸಿಂಹಾಚಾರ್, ಅನಂತರ ಕೃಷ್ಣ, 1947ರಲ್ಲಿ ಮಾರ್ಟಿಮರ್ ವ್ಹೀಲರ್ ಉತ್ಖನನ ನಡೆಸಿದರು. ಶಾತವಾಹನರ ನಾಣ್ಯಗಳ ಜೊತೆಗೆ ರೋಮಿನ ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ಇಲ್ಲಿ ಸಿಕ್ಕವು. ಸುತ್ತ ಬಂಡೆ ಕವಿದ ಈ ಕಣಿವೆಗೆ ರೋಮಿನ ಹಣ ಬಂದಿತ್ತು ಎನ್ನುವಾಗ, ಇದು ಮರೆಯಾದ ಮೂಲೆಯಲ್ಲ, ದಾರಿ ಕೂಡುವ ಜಾಗವಾಗಿತ್ತು ಎಂಬುದು ತಾನಾಗಿ ಹೊಳೆಯುತ್ತದೆ. ಇದೇ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕ ತನ್ನ ಶಾಸನ ಬರೆಸಿದ್ದೂ ಬಂಡೆಯ ಮೇಲೆಯೇ. ಬಿ. ಎಲ್. ರೈಸ್ ಅವನ್ನು 1892ರಲ್ಲಿ ಬೆಳಕಿಗೆ ತಂದರು. ಕಲ್ಲು ಕಡಿದು ತರಬೇಕಿರಲಿಲ್ಲ, ಕಂಬ ನಿಲ್ಲಿಸಬೇಕಿರಲಿಲ್ಲ. ಬರೆಯುವ ಹಾಳೆ ಆಗಲೇ ನೆಲದ ಮೇಲಿತ್ತು.

ಚಂದ್ರವಳ್ಳಿಯ ಅಂಕಲಿ ಮಠದ ಗವಿಗೆ ದೀಪವಿಲ್ಲದೆ ಇಳಿಯಬಾರದು. ಬಂಡೆಗಳ ಅಡಿಯಲ್ಲಿ ಮೆಟ್ಟಿಲು, ಕೋಣೆಯಿಂದ ಕೋಣೆಗೆ ತಗ್ಗು ಬಾಗಿಲು, ಲಿಂಗಗಳಿರುವ ಪೂಜೆಯ ಜಾಗ. ಹೊರಗಿನ ಮಾತು ಮೊದಲ ತಿರುವಿಗೇ ನಿಂತುಹೋಗುತ್ತದೆ. ಹೊರಗೆ ಬಂದು ಕಣ್ಣು ಬೆಳಕಿಗೆ ಹೊಂದಿಕೊಂಡ ಮೇಲೆ ಧವಳಪ್ಪನ ಗುಡ್ಡದ ಕಡೆ ಹೊರಡಬಹುದು.

ಮೊದಮೊದಲು ಕಾಲುದಾರಿ ಸಲೀಸು. ಎರಡೂ ಕಡೆ ತಂಗಡಿ, ಬಂದರಿಕೆ, ಲಂಟಾನ, ಮಳೆಗಾಲ ಮುಗಿದ ಮೇಲಾದರೆ ಕಣ್ಣುಬಿಟ್ಟ ಸೀತಾಫಲ. ದುರ್ಗದ ಬೆಟ್ಟಗಳ ಸೀತಾಫಲ ಹೇಗೋ ಏನೋ ಇಷ್ಟು ಕಲ್ಲಿನ ನಡುವೆಯೇ ರುಚಿಗಟ್ಟುತ್ತದೆ. ಸ್ವಲ್ಪ ಏರಿದ ಮೇಲೆ ಮಣ್ಣು ಮುಗಿಯುತ್ತದೆ, ಹಾಸುಬಂಡೆ ಶುರುವಾಗುತ್ತದೆ, ದಾರಿಯೂ ಅಲ್ಲಿಗೇ ಮಾಯ. ಇಲ್ಲಿಂದ ಮುಂದೆ ಹೆಜ್ಜೆಯ ಗುರುತು ಉಳಿಯುವುದಿಲ್ಲ. ಕುರಿ ಕಾಯುವವರು ಓಡಾಡಿ ನುಣುಪಾದ ಕಡೆ ಕಲ್ಲು ಒಂದಿಷ್ಟು ಬಿಳಿಚಿಕೊಂಡಿರುತ್ತದೆ. ಅದನ್ನು ಹಿಡಿದು ಹೋಗಬೇಕು. ಬಂಡೆಯ ಮೇಲುಪದರ ಬಿಸಿಲಿಗೆ ಹಿಗ್ಗಿ, ರಾತ್ರಿಯ ತಂಪಿಗೆ ಕುಗ್ಗಿ ಈರುಳ್ಳಿ ಸಿಪ್ಪೆಯ ಹಾಗೆ ಬಿಟ್ಟುಕೊಂಡ ಜಾಗಗಳಿವೆ. ಅಂಥ ಕಡೆ ಕಾಲಿಟ್ಟರೆ ಟೊಳ್ಳು ಸದ್ದು. ಆ ಸದ್ದು ಕೇಳಿದವರು ಪಕ್ಕಕ್ಕೆ ಸರಿದು ನಡೆಯುತ್ತಾರೆ.

ಬಂಡೆ ಏರುವುದಕ್ಕೆ ಬಲ ಬೇಕೆಂದು ಹೊರಗಿನವರು ತಿಳಿಯುತ್ತಾರೆ. ಬೇಕಾದದ್ದು ನಂಬಿಕೆ, ಅದೂ ಅಂಗಾಲಿನ ಮೇಲೆ. ಒಣಗಿದ ಗ್ರಾನೈಟು ಮರಳು ಕಾಗದದಷ್ಟು ಒರಟು. ಮೈ ನೆಟ್ಟಗಿಟ್ಟು, ಪಾದವನ್ನು ಪೂರ್ತಿ ಊರಿ, ಅವಸರ ಮಾಡದೆ ನಡೆದರೆ ಕಡಿದಾದ ಇಳಿಜಾರಿನಲ್ಲೂ ಕಾಲು ಜಾರುವುದಿಲ್ಲ. ಹೆದರಿ ಮುಂದಕ್ಕೆ ಬಗ್ಗಿ ಕೈಯೂರಿದರೆ ಪಾದದ ಮೇಲಿನ ಭಾರ ಕಡಿಮೆಯಾಗಿ ಆಗಲೇ ಜಾರುವುದು. ಎರಡು ಗುಂಡುಗಳ ಸಂದಿನಲ್ಲಿ ಏರುವಾಗ ಬೆನ್ನನ್ನು ಒಂದಕ್ಕೆ ಕೊಟ್ಟು, ಕಾಲನ್ನು ಇನ್ನೊಂದಕ್ಕೆ ಒತ್ತಿ, ಗೇಣು ಗೇಣಾಗಿ ಮೇಲಕ್ಕೆ ಸರಿಯಬೇಕು. ಬೆನ್ನಿಗೆ ಕಲ್ಲಿನ ತಂಪು ತಾಗುತ್ತಿರುತ್ತದೆ. ಹತ್ತು ಅಡಿ ಮೇಲೆ ಬಿಸಿಲಿಗೆ ಕೈಯಿಟ್ಟರೆ ಅದೇ ಕಲ್ಲು ಸುಡುತ್ತದೆ. ಮಳೆಗಾಲದಲ್ಲಿ ಮಾತ್ರ ಈ ಆಟ ಬೇಡ. ಪಾಚಿ ಹಿಡಿದ ಕಪ್ಪು ಗೆರೆಯ ಮೇಲೆ ಯಾವ ಪಾದವೂ ನಿಲ್ಲುವುದಿಲ್ಲ.

ಗುಂಡುಗಳ ನಡುವೆ ಕೂತರೆ ಮೊದಲು ಗೊತ್ತಾಗುವುದು ಅಲ್ಲಿ ನಾವೊಬ್ಬರೇ ಇಲ್ಲ ಎಂಬುದು. ಎದುರಿನ ಕಲ್ಲಿನ ತುದಿಯಲ್ಲಿ ಓತಿಕೇತವೊಂದು ಕತ್ತೆತ್ತಿ ಕೂತಿರುತ್ತದೆ. ಮಳೆಗಾಲದ ಆಸುಪಾಸಿನ ಜೊತೆಗೂಡುವ ದಿನಗಳಲ್ಲಿ ಗಂಡಿಗೆ ತಲೆ, ಬೆನ್ನೆಲ್ಲ ಕೆಂಡದ ಬಣ್ಣ, ಪಕ್ಕೆ ಕಪ್ಪು. ಮುಂಗಾಲೂರಿ ಮೈಯನ್ನು ಮೇಲೆ ಕೆಳಗೆ ಆಡಿಸಿ ಈ ಬಂಡೆ ತನ್ನದೆಂದು ಹೇಳುತ್ತದೆ. ನೆರಳು ಬಿದ್ದರೆ ಸಾಕು, ಕ್ಷಣದಲ್ಲಿ ಬಿರುಕಿನೊಳಗೆ. ಅದೇ ಬಿರುಕಿನಲ್ಲಿ ಹಕ್ಕಿ ಹಾಕಿದ ಬೀಜದಿಂದ ಹುಟ್ಟಿದ ಆಲ ಬೇರು ಬಿಟ್ಟಿರುತ್ತದೆ. ಬೇರು ಕಲ್ಲನ್ನು ಒಡೆಯುತ್ತದೆಂದು ಹೇಳುವುದುಂಟು. ಇಲ್ಲಿ ನೋಡಿದರೆ ಅದು ಮೊದಲು ಕಲ್ಲಿನ ಮಾತು ಕೇಳುತ್ತದೆ: ಬಿರುಕು ತಿರುಗಿದ ಕಡೆ ತಿರುಗಿ, ಸಂದು ಕಿರಿದಾದ ಕಡೆ ಚಪ್ಪಟೆಯಾಗಿ, ಮೂವತ್ತು ನಲವತ್ತು ಅಡಿ ಕೆಳಗೆ ಮಣ್ಣು ಸಿಗುವವರೆಗೂ ಇಳಿದು ಹೋಗುತ್ತದೆ. ಚಾಚಿದ ಬಂಡೆಯ ಅಡಿಯಲ್ಲಿ ಹೆಜ್ಜೇನು ಕಟ್ಟಿದ್ದರೆ ಮಾತು ನಿಲ್ಲಿಸಿ ದೂರದಿಂದಲೇ ಬಳಸಿಕೊಂಡು ಹೋಗಬೇಕು. ಈ ಬೆಟ್ಟಗಳಲ್ಲಿ ಕರಡಿಯಿದೆ, ಚಿರತೆಯಿದೆ. ಹೊತ್ತಿಳಿಯುವ ಮುಂಚೆ ಕೆಳಗಿರಬೇಕೆಂದು ಊರವರು ಹೇಳುವುದು ಸುಮ್ಮನೆ ಅಲ್ಲ.

ನೆತ್ತಿಯ ಹಾಸುಬಂಡೆಯ ಮೇಲೆ ದೊಣೆಗಳಿವೆ. ಅಂಗೈಯಗಲದ ಗುಳಿಯಿಂದ ಹಿಡಿದು ಕೊಡ ಮುಳುಗುವಷ್ಟು ಆಳದವರೆಗೆ. ನಿಂತ ನೀರು ಕಲ್ಲನ್ನು ತಿಂದು ತಿಂದು ಮಾಡಿದ ಈ ಕುಳಿಗಳ ಸುತ್ತ ಹುಲ್ಲು, ಸಣ್ಣ ಹೂ, ಕಪ್ಪೆಮರಿ. ಇಡೀ ಬೆಟ್ಟದ ಗುಟ್ಟು ಈ ದೊಣೆಯಲ್ಲಿದೆ. ಬಂಡೆ ನೀರು ಕುಡಿಯುವುದಿಲ್ಲ. ಬಿದ್ದ ಮಳೆಯನ್ನೆಲ್ಲ ಹರಿಯಬಿಡುತ್ತದೆ ಅಥವಾ ಹಿಡಿದಿಡುತ್ತದೆ. ಮಳೆ ಕಡಿಮೆಯ ಈ ಸೀಮೆಯಲ್ಲಿ ಬೆಟ್ಟದ ಮೇಲೊಂದು ಊರು ಬಾಳಿದ್ದು ಇದನ್ನು ಅರಿತಿದ್ದರಿಂದಲೇ. ಕೋಟೆಯೊಳಗೆ ಮಳೆನೀರು ಗೋಪಾಲಸ್ವಾಮಿ ಹೊಂಡ ತುಂಬಿ, ಅಲ್ಲಿಂದ ಅಕ್ಕ ತಂಗಿ ಹೊಂಡಕ್ಕೆ, ಕೆಳಗಿನ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆ ಹೊಂಡಕ್ಕೆ ಇಳಿಯುವಂತೆ ಮಾಡಿದ್ದರು. ಬಂಡೆ ಇಳಿಜಾರು ಕೊಟ್ಟ ಕಡೆಗೇ ನೀರು, ನೀರು ಹೋದ ಕಡೆಗೇ ಹೊಂಡ.

ಕೋಟೆಗೆ ಮುಂಬಾಗಿಲಿಂದ ಒಳಹೊಕ್ಕವರು ಬಾಗಿಲುಗಳನ್ನು ಎಣಿಸುತ್ತಾರೆ. ಏಳು ಸುತ್ತು, 19 ಅಗಸೆ, 38 ದಿಡ್ಡಿ, 35 ಕಳ್ಳಗಂಡಿ ಎಂದು ಹೇಳಿಕೊಂಡು ಬಂದ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ನನ್ನ ಕಣ್ಣು ಹೋಗುವುದು ಗೋಡೆ ಬಂಡೆಯನ್ನು ಮುಟ್ಟುವ ಜಾಗಕ್ಕೆ. ಕಟ್ಟುತ್ತ ಬಂದ ಗೋಡೆಗೆ ಗುಂಡೊಂದು ಎದುರಾದಾಗ ಅವರು ಅದನ್ನು ಒಡೆಯಲಿಲ್ಲ, ಬಳಸಿಯೂ ಹೋಗಲಿಲ್ಲ. ಗೋಡೆಯನ್ನು ಅಲ್ಲಿಗೆ ನಿಲ್ಲಿಸಿದರು, ಗುಂಡಿನ ಆ ಕಡೆಯಿಂದ ಮತ್ತೆ ಶುರು ಮಾಡಿದರು. ನಡುವಿನ ಅಷ್ಟುದ್ದ ಬಂಡೆಯೇ ಗೋಡೆ. ಸೇರುವ ಕಡೆ ಕೊನೆಯ ಕಲ್ಲನ್ನು ಬಂಡೆಯ ದುಂಡಿಗೆ ಸರಿಯಾಗಿ ಕೆತ್ತಿ ಕೂರಿಸಿದ್ದಾರೆ. ಗಾರೆಯಿಲ್ಲ, ಆದರೂ ಸಂದಿನಲ್ಲಿ ಬೆರಳು ಹೋಗುವುದಿಲ್ಲ. ಪಾಳೆಯಗಾರರು ಆಳಿದ ಇನ್ನೂರಕ್ಕೂ ಹೆಚ್ಚು ವರ್ಷ, 1568ರ ಸುಮಾರಿಗೆ ಆಳ್ವಿಕೆ ಶುರು ಮಾಡಿದ ತಿಮ್ಮಣ್ಣ ನಾಯಕನಿಂದ 1779ರಲ್ಲಿ ಹೈದರಾಲಿಗೆ ಸೆರೆಯಾದ ಮದಕರಿ ನಾಯಕನವರೆಗೆ, ಈ ಕೆಲಸ ಬೇರೆಬೇರೆ ಕೈಗಳಲ್ಲಿ ನಡೆಯುತ್ತಲೇ ಬಂತು. ದಾರಿಯಂತೂ ಎಲ್ಲೂ ನೇರ ಹೋಗುವುದಿಲ್ಲ. ಬಾಗಿಲು ದಾಟಿದ ಕೂಡಲೇ ಬಂಡೆ ಅಡ್ಡ ಬರುತ್ತದೆ, ತಿರುಗಿದರೆ ಇನ್ನೊಂದು. ಮುತ್ತಿಗೆ ಹಾಕಿದವನ ಆನೆಗೂ ಸೈನ್ಯಕ್ಕೂ ಓಡಿ ಬಂದು ಗುದ್ದುವ ಜಾಗವೇ ಸಿಗದಂತೆ ಬೆಟ್ಟ ತಾನೇ ಕೋಟೆಯ ನಕ್ಷೆ ಬರೆದುಕೊಟ್ಟಿದೆ.

ಮೇಲಕ್ಕೆ ಹೋಗುತ್ತ ಅರ್ಧ ಸೀಳಿ ಬಿಟ್ಟ ಬಂಡೆಗಳು ಸಿಗುತ್ತವೆ. ನಿಂತು ಒಂದನ್ನು ಹತ್ತಿರದಿಂದ ನೋಡಿ. ಬಂಡೆಯ ಬೆನ್ನಿನ ಮೇಲೆ ಗೆರೆ ಎಳೆದಂತೆ ಕುಳಿಗಳ ಸಾಲು. ಒಂದೊಂದೂ ನಾಲ್ಕು ಬೆರಳು ಉದ್ದ, ಎರಡು ಬೆರಳು ಅಗಲ, ಒಳಗೆ ಹೋದಂತೆ ಕಿರಿದು. ಬೆರಳು ಇಳಿಸಿದರೆ ಉಳಿಯ ಏಟುಗಳ ಓರೆ ಗೀರುಗಳು ಈಗಲೂ ತಾಗುತ್ತವೆ. ಈ ಕುಳಿಗಳಿಗೆ ಬೆಣೆ ಬಡಿದು ಕಲ್ಲನ್ನು ಸೀಳುತ್ತಿದ್ದರು. ಕಲ್ಲುಕುಟಿಗರು ಗೆರೆ ಎಳೆದದ್ದು ಮನಸ್ಸಿಗೆ ಬಂದ ಕಡೆ ಅಲ್ಲ. ಬಂಡೆಯ ಹಾಸು ಎತ್ತ ಬಿಡುತ್ತದೆ ಎಂದು ನೋಡಿಕೊಂಡು ಆ ದಿಕ್ಕಿಗೇ. ಪಕ್ಕದಲ್ಲಿ ಸೀಳಿಹೋದ ಇನ್ನೊಂದು ಬಂಡೆಯ ಮೈ ಕತ್ತರಿಸಿದಷ್ಟು ಸಮ, ಅದರ ಅಂಚಿನಲ್ಲಿ ಅರ್ಧರ್ಧ ಕುಳಿಗಳ ಸಾಲು. ಇನ್ನರ್ಧ ಕುಳಿಗಳಿರುವ ತುಂಡು ಯಾವ ಗೋಡೆಯಲ್ಲಿ ಕೂತಿದೆಯೋ. ಕಣ್ಣಿಟ್ಟು ನೋಡಿದರೆ ಗೋಡೆಯ ಕಲ್ಲುಗಳ ಅಂಚಿನಲ್ಲೂ ಅಂಥ ಗುರುತು ಸಿಗುತ್ತವೆ. ನಾಯಕರ ಹೆಸರು, ಗೆಲುವು, ಸೋಲು ಪುಸ್ತಕಗಳಲ್ಲಿವೆ, ತ. ರಾ. ಸು. ಅವರ ‘ದುರ್ಗಾಸ್ತಮಾನ’ ಓದಿದ ಯಾರಿಗೂ ಅವು ಮರೆಯುವಂಥವಲ್ಲ. ಈ ಉಳಿ ಹಿಡಿದವರ ಹೆಸರು ಎಲ್ಲೂ ಇಲ್ಲ. ಕೋಟೆ ನೋಡಲು ಬಂದವರು ಕಡೇಪಕ್ಷ ಈ ಕುಳಿಗಳ ಮುಂದೆ ಅರಮನೆಯ ಮುಂದೆ ನಿಂತಷ್ಟು ಹೊತ್ತು ನಿಲ್ಲಲಿ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಒನಕೆ ಓಬವ್ವನ ಕಿಂಡಿಯಲ್ಲಿ ಜನಜಂಗುಳಿ ತಪ್ಪದು. ಬಂಡೆಗಳ ನಡುವಿನ ಆ ಸಂದಿನಲ್ಲಿ ಒಬ್ಬರು ಮೈ ಹಿಡಿಮಾಡಿ, ತಲೆ ತಗ್ಗಿಸಿ ತೂರಬಹುದು, ಇಬ್ಬರಿಗೆ ಜಾಗವಿಲ್ಲ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಿದ್ದು, ಕಾವಲುಗಾರನ ಹೆಂಡತಿ ಓಬವ್ವ ನೀರಿಗೆ ಹೋದವಳು ಒನಕೆ ಹಿಡಿದು ನಿಂತದ್ದು ಮಕ್ಕಳಿಗೂ ಗೊತ್ತಿರುವ ಕಥೆ. 1972ರ ‘ನಾಗರಹಾವು’ ಚಿತ್ರದಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ತೋರಿಸಿದ ಮೇಲೆ ಕಿಂಡಿಯ ಮುಂದೆ ನಿಂತವರೆಲ್ಲರ ಕಣ್ಣಲ್ಲೂ ಅದೇ ದೃಶ್ಯ. ಒಮ್ಮೆ ಆ ಸಂದಿನೊಳಗೆ ಬಗ್ಗಿ ತೂರಿ ನೋಡಿದರೆ ಮಾತ್ರ ತಿಳಿಯುವ ವಿಷಯ ಬೇರೆ ಇದೆ. ತಲೆ ಹೊರಗೆ ಬಂದ ಹೊತ್ತಿಗೆ ಎರಡೂ ಕೈ ಕಲ್ಲಿನ ಮೇಲಿರುತ್ತವೆ, ಕತ್ತಿ ಎತ್ತುವ ಮಾತಿರಲಿ, ಮುಖ ಮೇಲೆತ್ತಲೂ ಆಗುವುದಿಲ್ಲ. ಓಬವ್ವನಿಗೆ ಈ ಬಂಡೆಯ ಅಳತೆ ಮೈಗೂಡಿತ್ತು. ದಿನಾ ನೀರು ತರುವ ದಾರಿ ಅವಳದು.

ಇಷ್ಟು ಬರೆಯುವಾಗ ಒಂದು ಸಂಕಟವನ್ನು ಹೇಳದಿರಲಾರೆ. ದಾರಿ ಬದಿಯ ಗುಂಡುಗಳ ಮೇಲೆ ಬಣ್ಣದಲ್ಲಿ ಬರೆದ ಹೆಸರು, ಬಾಣ ನೆಟ್ಟ ಹೃದಯ, ಜಾಹೀರಾತು. ಮಯೂರಶರ್ಮನ ಬಂಡೆಯಿಂದ ಕೂಗಳತೆಯಲ್ಲೇ ಇವೆಲ್ಲ. ಒರಟು ಗ್ರಾನೈಟಿನ ರಂಧ್ರಕ್ಕೆ ಇಳಿದ ಎಣ್ಣೆಬಣ್ಣ ತಿಕ್ಕಿದರೆ ಹೋಗುವುದಿಲ್ಲ. ತಿಕ್ಕಿದರೆ ಕಲ್ಲಿನ ಮೇಲ್ಮೈ ಹೋಗುತ್ತದೆ, ಅಲ್ಲಿ ಹತ್ತಾರು ವರ್ಷದಿಂದ ಬೆಳೆದ ಕಲ್ಲುಹೂವೂ ಹೋಗುತ್ತದೆ. ಕೋಟೆಗೂ ಚಂದ್ರವಳ್ಳಿಗೂ ಕಾನೂನಿನ ಕಾವಲಾದರೂ ಇದೆ. ಊರೂರಿನ ಹೊಲದಂಚಿನ ಸಣ್ಣ ಕಲ್ಲುಗುಡ್ಡಗಳಿಗೆ ಅದೂ ಇಲ್ಲ. ಜಲ್ಲಿಯಾಗಿ, ಚಪ್ಪಡಿಯಾಗಿ ಲಾರಿ ಹತ್ತಿದ ಗುಂಡು ಮತ್ತೆ ಹುಟ್ಟಬೇಕಾದರೆ ನೀರು ಕಲ್ಲಿನ ಮೂಲೆಯಿಂದ ಕೆಲಸ ಶುರು ಮಾಡಬೇಕು. ಮನೆ, ರಸ್ತೆ ಕಟ್ಟಲು ಕಲ್ಲು ಬೇಕು ಎಂಬುದು ನನಗೂ ಗೊತ್ತು. ಆದರೆ ಯಾವ ಗುಡ್ಡ, ಎಷ್ಟು ಎಂದು ಕೇಳುವವರು ಊರಿಗೊಬ್ಬರಾದರೂ ಇರಬೇಡವೇ?

ಗಾಳಿ ಜೋರಾಗುವುದು ತುಪ್ಪದ ಕೊಳದ ಬೆಟ್ಟದ ಬುಡದಲ್ಲಿ. ಕೋಟೆಯಲ್ಲಿ ನಿಜವಾಗಿ ಏರಬೇಕಾದ ಬಂಡೆ ಇದೇ. ಮೆಟ್ಟಿಲಿಲ್ಲ. ನೇರ ಇಳಿಜಾರಿನ ಮೈಯಲ್ಲಿ ಮುಂಗಾಲು ಮಾತ್ರ ಹಿಡಿಯುವಷ್ಟು ಕುಳಿಗಳನ್ನು ಕಡಿದಿದ್ದಾರೆ. ಸಾವಿರಾರು ಕಾಲು ತುಳಿದು ಅವುಗಳ ಅಂಚು ನಯವಾಗಿದೆ. ಬಲ್ಲವರು ಚಪ್ಪಲಿ ಕೆಳಗೇ ಬಿಡುತ್ತಾರೆ. ಮೇಲೆ ಬತೇರಿ, ಕೊಳ, ಮತ್ತು ಸುತ್ತ ಮೂವತ್ತು ಮೈಲಿಯ ನೋಟ. ಒಂದು ಕಡೆ ಹಂಚಿನ ಸೂರು, ತಾರಸಿಗಳ ಊರು. ಇನ್ನೊಂದು ಕಡೆ ಜೋಗಿಮಟ್ಟಿಯ ಹಸಿರು ಬೆನ್ನು. ಅದರ ಏಣಿನ ಉದ್ದಕ್ಕೂ ಗಾಳಿಯಂತ್ರಗಳು ತಿರುಗುತ್ತ ಐಮಂಗಲದ ದಿಕ್ಕಿಗೆ ಸಣ್ಣದಾಗುತ್ತ ಹೋಗುತ್ತವೆ. ಇಲ್ಲಿ ಕೂತ ಕಾವಲುಗಾರನಿಗೆ ಹಿರಿಯೂರಿನ ಕಡೆಯಿಂದ ಏಳುವ ಧೂಳು, ದಂಡು ಬರುವ ಎಷ್ಟೋ ಮುಂಚೆ ಕಂಡಿರಬೇಕು.

ಏರುವುದಕ್ಕಿಂತ ಇಳಿಯುವುದು ಕಷ್ಟ. ಕುಳಿ ಕಾಣುವುದಿಲ್ಲ. ಬಂಡೆಗೆ ಎದೆಯೊತ್ತಿ, ಕಾಲನ್ನು ಕೆಳಗೆ ಇಳಿಬಿಟ್ಟು ತಡಕಬೇಕು. ಆಗ ಕೆಳಗೆ ನಿಂತವರು, ಯಾವ ಊರಿನವರೋ, ಎಂದೂ ಮುಖ ನೋಡಿರದವರು, ತಾವೇ ಕೂಗಿ ಹೇಳತೊಡಗುತ್ತಾರೆ: ‘ಎಡಗಾಲು ಬಿಡ್ರಿ, ಇನ್ನೊಂದ್ ಸ್ವಲ್ಪ, ಹಾ ಸಿಕ್ತು. ಈಗ ಬಲಗಾಲು. ಈ ಕಡೆ, ಈ ಕಡೆ. ಹೆದರ್‌ಬ್ಯಾಡ್ರಿ, ಕಲ್ಲು ಹಿಡ್ಕಂಡೈತೆ.’ ಇಳಿದವರು ಅಂಗೈ ಒರೆಸಿಕೊಂಡು ಪಕ್ಕಕ್ಕೆ ನಿಂತು, ಮುಂದೆ ಇಳಿಯುವವರಿಗೆ ತಾವು ಹೇಳತೊಡಗುತ್ತಾರೆ.